ಪಾನಮತ್ತ ಚಾಲನೆಯ ಆಪಾದನೆ: ನಮ್ಮವರು ಅರಿತಿರಬೇಕಾದ ಕಾನೂನು

ಹೋಟೆಲಿನ ಕದ ಮುಚ್ಚಿ, ಗಲ್ಲಾಪೆಟ್ಟಿಗೆಯ ಲೆಕ್ಕ ಒಪ್ಪಿಸಿ ಹೊರಬೀಳುವಾಗ ನಮ್ಮವರಲ್ಲಿ ಅನೇಕರಿಗೆ ರಾತ್ರಿ ಹನ್ನೊಂದು ಮೀರಿರುತ್ತದೆ. ದಣಿವಾರಿಸಿಕೊಳ್ಳಲೆಂದು ಎರಡು ಗುಟುಕು ಕುಡಿದು ಸ್ಕೂಟರ್ ಏರಿದವನು ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಬಿದ್ದನೆನ್ನೋಣ. "ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಾ, ಕೋರ್ಟಿನ ಗೊಡವೆ ಬೇಡ" ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಆದರೆ ಈ ಸಲಹೆಯನ್ನು ವಕೀಲರೊಬ್ಬರನ್ನು ಕೇಳದೆ ಪಾಲಿಸತಕ್ಕುದಲ್ಲ.

ಕಾರಣ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ತರುವಾಯ, ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸಜೆ, ಇಲ್ಲವೆ 10,000 ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ. ಎರಡನೆಯ ಸಲಕ್ಕೆ ಎರಡು ವರ್ಷದವರೆಗಿನ ಸಜೆ, 15,000 ರೂಪಾಯಿ. ಇಂದು ಅವಸರದಲ್ಲಿ ಒಪ್ಪಿಕೊಂಡದ್ದು ನಾಳೆ 'ಎರಡನೆಯ ಸಲ'ಕ್ಕೆ ತಳಹದಿಯಾಗುತ್ತದೆ. ಲೈಸೆನ್ಸನ್ನೇ ನಂಬಿ ಬದುಕುವ ಚಾಲಕನಿಗಂತೂ ಇದು ಅನ್ನದ ಪ್ರಶ್ನೆ.

ಬಾಯಿ ನಾರಿದ ಮಾತ್ರಕ್ಕೆ ಮದ್ಯದ ಈ ಅಪರಾಧ ಸಿದ್ಧವಾಗುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶವಿತ್ತೆಂದು ಉಸಿರಿನ ಯಂತ್ರದಿಂದಲೋ ಪ್ರಯೋಗಶಾಲೆಯ ಪರೀಕ್ಷೆಯಿಂದಲೋ ಕಂಡುಬಂದಿರಬೇಕು. ಆದುದರಿಂದ ವಕೀಲರು ಮೊದಲು ಕೇಳುವುದು ಆ ಅಂಕಿಯನ್ನೂ ಗಡಿಯಾರವನ್ನೂ. ಯಂತ್ರದ ಚೀಟಿ ಎಲ್ಲಿ? ಅದರಲ್ಲಿನ ಹೆಸರು, ವೇಳೆ ಸರಿಯೆ? ದಸ್ತಗಿರಿಯಾದದ್ದು ಎಷ್ಟು ಗಂಟೆಗೆ, ವೈದ್ಯರು ಪರೀಕ್ಷಿಸಿದ್ದು ಎಷ್ಟು ಗಂಟೆಗೆ? ಈ ಆಪಾದನೆಯ ಮೇಲೆ ದಸ್ತಗಿರಿಯಾದವನನ್ನು ಎರಡು ಗಂಟೆಗಳೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಗೆ ಒಳಪಡಿಸದಿದ್ದರೆ ಬಂಧನದಿಂದ ಬಿಡಬೇಕೆಂದು 202ನೆಯ ಕಲಮು ವಿಧಿಸುತ್ತದೆ. ಬಿಡುಗಡೆಯೆಂದರೆ ಖುಲಾಸೆಯಲ್ಲ, ಮೊಕದ್ದಮೆ ಉಳಿದೇ ಇರುತ್ತದೆ. ಇನ್ನು, ಯಂತ್ರಕ್ಕೆ ಊದುವುದಿಲ್ಲವೆಂದು ಹಟ ಹಿಡಿಯುವುದು ಜಾಣತನವಲ್ಲ. ತಕ್ಕ ಕಾರಣವಿಲ್ಲದ ನಿರಾಕರಣೆಯನ್ನು ಆಪಾದಿತನ ವಿರುದ್ಧವೇ ಎಣಿಸಲು ಕೋರ್ಟಿಗೆ ಅಧಿಕಾರವಿದೆ.

ಪುರಾವೆಯ ತೂಕವೆಷ್ಟೆಂಬುದಕ್ಕೆ ಮುಂಬಯಿಯ ಬಾಂದ್ರಾದ ಎರಡು ಮೊಕದ್ದಮೆಗಳನ್ನು ನೋಡಬಹುದು. 2002ರ ಅಪಘಾತದಲ್ಲಿ ಚಿತ್ರನಟ ಸಲ್ಮಾನ್ ಖಾನರಿಗೆ ಕೆಳಗಿನ ಕೋರ್ಟು ಐದು ವರ್ಷ ಸಜೆ ವಿಧಿಸಿತ್ತು. ಆಪಾದನೆ ಸಂದೇಹಾತೀತವಾಗಿ ಸಾಬೀತಾಗಿಲ್ಲವೆಂದು 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. 2006ರಲ್ಲಿ ಏಳು ಜನರ ಪ್ರಾಣಹಾನಿಗೆ ಕಾರಣನಾದ ಅಲಿಸ್ಟರ್ ಪರೇರಾನ ಮೂರು ವರ್ಷದ ಸಜೆಯನ್ನಾದರೋ ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ನಟನಿಗೆ ದೊರೆತಂಥ ವಕೀಲರು ನಮ್ಮ ಅಡುಗೆಭಟ್ಟರಿಗೆ ದೊರೆಯುವುದುಂಟೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ.

ಬಡವನಿಗೆ ಆಸರೆಯಾದ ಒಂದು ತೀರ್ಪು ಹುಟ್ಟಿದ್ದು ಈ ಬಂಗಾಳದ ನೆಲದಿಂದಲೇ. ಇಲ್ಲಿನ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಡಿ. ಕೆ. ಬಸು ಅವರು ಪೊಲೀಸ್ ಬಂಧನದಲ್ಲಿನ ಸಾವುಗಳ ಕುರಿತು 1986ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1996ರಲ್ಲಿ ತೀರ್ಪಾಯಿತು. ಅದರಂತೆ ದಸ್ತಗಿರಿಯ ವೇಳೆ, ದಿನಾಂಕಗಳ ಪತ್ರವಾಗಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಬೇಕು. ಊರಿನಲ್ಲಿರುವ ತಂದೆಗೆ ತಿಳಿಸಲು ನಾಚಿಕೆಯಾದರೆ ಹೋಟೆಲಿನ ಧಣಿಗಾದರೂ ತಿಳಿಸಲಿ.

ಅಪರಾಧವು ಜಾಮೀನಿಗೆ ಅರ್ಹವಾದುದು. ಪರಸ್ಥಳದವನಾದ ಕಾರಣ ಜಾಮೀನುದಾರ ಸಿಕ್ಕದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಕಾನೂನಿನಲ್ಲಿ ಅವಕಾಶವಿದೆ. ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಬಂಧನದಲ್ಲಿರುವವನಿಗೂ ಕಡಮೆ ವರಮಾನದವನಿಗೂ 1987ರ ಕಾಯಿದೆಯಂತೆ ಉಚಿತ ವಕೀಲರು ದೊರೆಯುತ್ತಾರೆ. ಅದಕ್ಕಾಗಿ 15100 ಸಂಖ್ಯೆಗೆ ಫೋನು ಮಾಡಬಹುದು. ಬಂಗಾಳಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾಗದವನ್ನು ಬಲ್ಲವರಿಂದ ಓದಿಸಿ ಅರ್ಥ ಕೇಳಿಕೊಳ್ಳದೆ, ಠಾಣೆಯಲ್ಲಾಗಲಿ ಕೋರ್ಟಿನಲ್ಲಾಗಲಿ, ಸಹಿ ಹಾಕತಕ್ಕುದಲ್ಲ.