ಕೂಡಿಡದೆ ಉಣ್ಣುವ ಜೇನು

ಪ್ರಶ್ನೆ: ಪರಾವಲಂಬಿ ಜೇನುನೊಣ ಎಂಬುದು ನಿಜವಾಗಿಯೂ ಇದೆಯೇ? ಅದರಲ್ಲಿ ಹೊಸ ಪ್ರಭೇದವನ್ನು ಗುರುತಿಸುವುದು ಹೇಗೆ?

ಉತ್ತರ: ಖಂಡಿತ ಇದೆ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯ ಹೆಸರೇ ಇವಕ್ಕೂ ಅಂಟಿಕೊಂಡಿದೆ. ಪ್ರಾಗ್‌ನ ಯಾಕುಬ್ ಸ್ಟ್ರಾಕಾ ಮತ್ತು ಅಮೆರಿಕದ ಮೈಕೆಲ್ ಎಂಗೆಲ್ 2012ರಲ್ಲಿ ಪಶ್ಚಿಮ ಆಫ್ರಿಕಾದ ಆಚೆಗಿರುವ ಕೇಪ್ ವರ್ಡೆ ದ್ವೀಪಗಳಿಂದ ವರ್ಣಿಸಿದ 'ಥೈರಿಯಸ್ ಡೆನೋಲಿ' ಇಂಥದ್ದೇ ಒಂದು.

ಥೈರಿಯಸ್ ಕುಲದ ಹೆಣ್ಣಿನ ಕಾಲುಗಳಲ್ಲಿ ಪರಾಗ ಹೊರುವ ದಟ್ಟ ರೋಮವೇ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಬೇರೊಂದು ಜೇನು ನೆಲದಲ್ಲಿ ಬಿಲ ತೋಡಿ, ಕೋಶಕ್ಕೆ ಪರಾಗ, ಮಕರಂದ ತುಂಬಿ, ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಥೈರಿಯಸ್ ಹೆಣ್ಣು ಆ ಮುಚ್ಚಳ ಒಡೆದು ತನ್ನ ಮೊಟ್ಟೆಯಿಟ್ಟು ಮತ್ತೆ ಮುಚ್ಚುತ್ತದೆ. ಒಳಗೆ ಹುಟ್ಟುವ ಮರಿಗೆ ಕುಡುಗೋಲಿನಂಥ ದವಡೆ. ಮನೆಯೊಡತಿಯ ಸಂತತಿಯನ್ನು ಮುಗಿಸಿ, ಇಟ್ಟ ಬುತ್ತಿಯನ್ನೆಲ್ಲ ತಿಂದು ಬೆಳೆಯುತ್ತದೆ. ಕ್ರೂರವೆನಿಸಬಹುದು. ಆದರೆ ಪರಾವಲಂಬಿ ಬದುಕಿದೆಯೆಂದರೆ ಆತಿಥೇಯ ಜೇನೂ ಅಲ್ಲಿ ಸಾಕಷ್ಟಿದೆ ಎಂದರ್ಥ. ನನಗೆ ಅದು ಸಂತೋಷದ ಸುದ್ದಿಯೇ.

ಹೊಸದೆಂದು ಸಾಬೀತುಪಡಿಸುವ ಕೆಲಸ ಸೂಕ್ಷ್ಮದರ್ಶಕದ ಕೆಳಗೆ ನಡೆಯುತ್ತದೆ. ಮೈಮೇಲಿನ ರೋಮದ ಚುಕ್ಕೆಗಳ ಆಕಾರ, ಎದೆಯ ಹಿಂಬದಿಯ ಫಲಕದ ಅಂಚು, ಗಂಡಿನ ಜನನಾಂಗದ ರಚನೆ ಇವನ್ನೆಲ್ಲ ಹಳೆಯ ಮಾದರಿಗಳೊಂದಿಗೆ ಹೋಲಿಸುತ್ತಾರೆ. ವರ್ಣನೆಗೆ ಆಧಾರವಾದ ಒಂದು ಕೀಟವನ್ನು ಸಂಗ್ರಹಾಲಯದಲ್ಲಿ ಕಾಪಿಡುತ್ತಾರೆ.

ಇದೇ ಕುಲದ ನೀಲಿ ಚುಕ್ಕೆಯ ಜೇನುಗಳು ನಮ್ಮಲ್ಲೂ ಇವೆ. ಸಂಜೆ ತೋಟದಲ್ಲಿ ಒಣಗಿದ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿ ಮಲಗಿರುವುದನ್ನು ಹುಡುಕಿ ನೋಡಿ.