ಹುಡುಗನ ಮೂಗಿನಿಂದ ರಕ್ತ: ಯಾವಾಗಲೂ ಉಷ್ಣವಲ್ಲ

ಮಕ್ಕಳ ಮೂಗಿನಿಂದ ರಕ್ತ ಬಂದರೆ ‘ಉಷ್ಣ ಆಗಿದೆ’ ಎಂದು ಮಜ್ಜಿಗೆ ಕುಡಿಸಿ ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಮೂಗಿನ ಮುಂಭಾಗದ ಸಣ್ಣ ರಕ್ತನಾಳ ಒಡೆದಿರುತ್ತದೆ, ಅಷ್ಟೇ. ಆದರೆ 10ರಿಂದ 20 ವರ್ಷದ ಹುಡುಗನಿಗೆ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದು, ಅದೇ ಹೊಳ್ಳೆಯಿಂದ ಪದೇಪದೇ ರಕ್ತ ಸುರಿಯುತ್ತಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು. ಒಳಗೆ ಆಂಜಿಯೋಫೈಬ್ರೋಮಾ ಎಂಬ ಅಪರೂಪದ ಗಡ್ಡೆ ಇರಬಹುದು.

ಇದು ಕ್ಯಾನ್ಸರ್ ಅಲ್ಲ. ಹರೆಯದ ಹುಡುಗರನ್ನು ಬಿಟ್ಟರೆ ಬೇರೆಯವರಲ್ಲಿ ಕಾಣುವುದೇ ಕಡಿಮೆ. ಮೂಗಿನ ಹಿಂಭಾಗದಲ್ಲಿ, ರಕ್ತನಾಳ ಹಾದುಬರುವ ಸಣ್ಣ ಮೂಳೆರಂಧ್ರದ ಬಳಿ ಹುಟ್ಟುತ್ತದೆ. ಬೆಳೆದರೆ ಕೆನ್ನೆ ಊದಬಹುದು, ಕಣ್ಣು ಮುಂದಕ್ಕೆ ಬರಬಹುದು, ಕಿವಿ ಮಂದವಾಗಬಹುದು. ತಲೆಬುರುಡೆಯೊಳಕ್ಕೂ ನುಗ್ಗಬಲ್ಲದು. ಅದರ ತುಂಬ ನಾರು ಮತ್ತು ರಕ್ತನಾಳಗಳು. ಮಾಮೂಲಿ ರಕ್ತನಾಳ ಕತ್ತರಿಸಿದರೆ ಗೋಡೆಯ ಸ್ನಾಯು ಬಿಗಿದುಕೊಂಡು ರಕ್ತವನ್ನು ತಡೆಯಲು ನೋಡುತ್ತದೆ. ಈ ಗಡ್ಡೆಯ ಅನೇಕ ನಾಳಗಳಿಗೆ ಆ ಸ್ನಾಯುವಿನ ಪದರವೇ ಇಲ್ಲ. ಹಾಗಾಗಿ ಸ್ವಲ್ಪ ತಗುಲಿದರೂ ರಕ್ತ ನಿಲ್ಲುವುದು ಕಷ್ಟ.

ಆದ್ದರಿಂದಲೇ ಬೇರೆ ಗಡ್ಡೆಗಳಂತೆ ಇದರ ಚೂರು ತೆಗೆದು ಬಯಾಪ್ಸಿಗೆ ಕಳಿಸಲು ಹೋಗಬಾರದು. ಹೊರರೋಗಿ ವಿಭಾಗದಲ್ಲಿ ‘ಮೂಗಿನ ದುರ್ಮಾಂಸ’ ಎಂದುಕೊಂಡು ಇದನ್ನು ಕೀಳುವುದು ಜೀವಕ್ಕೇ ಅಪಾಯ. ಎಂಡೋಸ್ಕೋಪಿನಲ್ಲಿ ಮುಟ್ಟದೆ ನೋಡಿ, ಕಾಂಟ್ರಾಸ್ಟ್ ಕೊಟ್ಟು ಸಿಟಿ ಮತ್ತು ಎಂಆರ್‌ಐ ಮಾಡಿದರೆ ರೋಗ ಸಾಮಾನ್ಯವಾಗಿ ಗೊತ್ತಾಗುತ್ತದೆ. ಗಡ್ಡೆಯು ಕೆನ್ನೆಯ ಸೈನಸ್ಸಿನ ಹಿಂಗೋಡೆಯನ್ನು ಮುಂದಕ್ಕೆ ಬಾಗಿಸಿರುವುದು ಸಿಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಚಿಕಿತ್ಸೆ ಎಂದರೆ ಮುಖ್ಯವಾಗಿ ಶಸ್ತ್ರಚಿಕಿತ್ಸೆ. ಅದಕ್ಕೆ 1ರಿಂದ 3 ದಿನ ಮೊದಲು ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಸೂಕ್ಷ್ಮ ಕಣಗಳಿಂದ ಮುಚ್ಚುತ್ತಾರೆ. ಇದರಿಂದ ಆಪರೇಷನ್ ವೇಳೆ ಹೋಗುವ ರಕ್ತ ಬಹಳ ಕಡಿಮೆಯಾಗುತ್ತದೆ. ಈಗ ಬಹುಪಾಲು ಗಡ್ಡೆಗಳನ್ನು ಮುಖ ಕೊಯ್ಯದೆ ಹೊಳ್ಳೆಯ ಮೂಲಕವೇ ತೆಗೆಯಬಹುದು. ಮೂಳೆಯ ಸಂದಿನಲ್ಲಿ ಚೂರು ಉಳಿದರೆ ಮತ್ತೆ ಬೆಳೆಯುವುದರಿಂದ ಆಮೇಲೂ ಕೆಲವು ವರ್ಷ ಸ್ಕ್ಯಾನ್ ತಪ್ಪಿಸಬಾರದು.

ರಕ್ತ ಬಂದಾಗ ತಲೆ ಹಿಂದಕ್ಕೆ ಬಾಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಅದುಮಿ ಹಿಡಿಯಿರಿ. ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ರಕ್ತ ನಿಂತು ಒಂದೆರಡು ದಿನ ಕಳೆದ ಮೇಲೆ, ಒಂದೊಂದೇ ಹೊಳ್ಳೆ ಮುಚ್ಚಿಸಿ ಉಸಿರಾಡಲು ಹೇಳಿ. ಒಂದು ಕಡೆ ಗಾಳಿಯೇ ಆಡದಿದ್ದರೆ ಯಾವ ಹೊಳ್ಳೆ, ಎಷ್ಟು ಸಲ ರಕ್ತ ಬಂತು ಎಂಬುದನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ.