ಗಾಲಿಕುರ್ಚಿಗೆ ಲಿಥಿಯಂ ಬ್ಯಾಟರಿ: ಬೆಲೆಯೂ ಬಾಳಿಕೆಯೂ

ವಿದ್ಯುತ್ ಚಾಲಿತ ಗಾಲಿಕುರ್ಚಿಯೊಂದನ್ನು ದಾನವಾಗಿ ನೀಡುವ ದಿನ ಸಭೆ, ಹಾರ, ಛಾಯಾಚಿತ್ರ ಎಲ್ಲವೂ ಇರುತ್ತವೆ. ಎರಡು ವರ್ಷ ಕಳೆದ ಮೇಲೆ ಅದೇ ಕುರ್ಚಿ ಮನೆಯ ಪಡಸಾಲೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವುದುಂಟು. ಮೋಟಾರು ಕೆಟ್ಟಿರುವುದಿಲ್ಲ, ಗಾಲಿ ಸವೆದಿರುವುದಿಲ್ಲ. ಕೆಟ್ಟಿರುವುದು ಆಸನದ ಕೆಳಗಿರುವ ಬ್ಯಾಟರಿ ಮಾತ್ರ. ಹೊಸದನ್ನು ಕೊಳ್ಳುವ ಶಕ್ತಿ ಆ ಮನೆಗಿರುವುದಿಲ್ಲ. ಕೊಟ್ಟವರಿಗೆ ಆ ಸುದ್ದಿ ತಲುಪುವುದೂ ಇಲ್ಲ. ಹೀಗೆ ಶಾಲೆಗೋ ಕಚೇರಿಗೋ ಸ್ವತಂತ್ರವಾಗಿ ಹೋಗಿಬರುತ್ತಿದ್ದ ವ್ಯಕ್ತಿ ಮತ್ತೆ ಪರರ ತೋಳಿನ ಆಸರೆಗೆ ಕಾಯುವಂತಾಗುತ್ತದೆ. ಇಂಥ ಕುರ್ಚಿಯ ಆಯುಸ್ಸು ಬಹುಮಟ್ಟಿಗೆ ಅದರ ಬ್ಯಾಟರಿಯ ಆಯುಸ್ಸೇ ಆಗಿರುವುದರಿಂದ, ಯಾವ ಬಗೆಯ ಬ್ಯಾಟರಿ ಉಚಿತವೆಂಬ ಪ್ರಶ್ನೆ ಕೇವಲ ತಂತ್ರಜ್ಞರದಲ್ಲ, ಕೊಡುವವರದೂ ಹೌದು.

ವಿದ್ಯುತ್ ಗಾಲಿಕುರ್ಚಿಯ ಇತಿಹಾಸ ಬಹಳ ಹಳೆಯದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಇಂಜಿನಿಯರ್ ಜಾರ್ಜ್ ಕ್ಲೈನ್ ಅವರು 1950ರ ದಶಕದ ಆರಂಭದಲ್ಲಿ ಬಳಕೆಗೆ ಯೋಗ್ಯವಾದ ಕುರ್ಚಿಯನ್ನು ರೂಪಿಸಿದರು. 1956ರಲ್ಲಿ ಅಮೆರಿಕದ ಎವರೆಸ್ಟ್ ಅಂಡ್ ಜೆನ್ನಿಂಗ್ಸ್ ಸಂಸ್ಥೆ ಇಂಥ ಕುರ್ಚಿಗಳನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ದಶಕಗಳ ಕಾಲ ಅವುಗಳಿಗೆ ಶಕ್ತಿಯನ್ನೊದಗಿಸಿದುದು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲ ಬ್ಯಾಟರಿಯೇ. ಆಮ್ಲ ಚೆಲ್ಲದಂತೆ ಮುಚ್ಚಿದ ಬ್ಯಾಟರಿಗಳು ಬಂದುದನ್ನು ಬಿಟ್ಟರೆ ಮೂಲತತ್ತ್ವದಲ್ಲಿ ಬದಲಾವಣೆಯಾಗಲಿಲ್ಲ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುವುದು ಇಂದಿಗೂ ಸಾಮಾನ್ಯ ಪದ್ಧತಿ.

ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯಿಂದ ಮಾರಾಟಕ್ಕೆ ಬಂದಿತು. ಇದರ ಮೂಲ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಲಿಥಿಯಂ ಬ್ಯಾಟರಿಯೆಂಬುದು ಒಂದೇ ವಸ್ತುವಲ್ಲ, ಒಂದು ಕುಟುಂಬ. ಅದರಲ್ಲಿ ಗಾಲಿಕುರ್ಚಿಗೆ ಹೆಚ್ಚು ಒಪ್ಪುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಬಗೆ. ಇದರ ಗುಣವನ್ನು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಅವರು 1997ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಈ ಬಗೆಯಲ್ಲಿ ಆಮ್ಲಜನಕವು ರಂಜಕದೊಡನೆ ಬಲವಾಗಿ ಬಂಧಿತವಾಗಿರುವುದರಿಂದ, ಬ್ಯಾಟರಿ ಅತಿಯಾಗಿ ಕಾದರೂ ಅದು ಸುಲಭವಾಗಿ ಹೊರಬಿದ್ದು ಬೆಂಕಿಗೆ ಇಂಬುಗೊಡದು. ಥಟ್ಟನೆ ಎದ್ದು ದೂರ ಸರಿಯಲಾರದ ವ್ಯಕ್ತಿಯ ಆಸನದ ಕೆಳಗೇ ಬ್ಯಾಟರಿ ಇರುವುದರಿಂದ ಈ ಗುಣಕ್ಕೆ ಮಹತ್ತ್ವವುಂಟು.

ಎರಡರ ನಡುವಿನ ಅಂತರ ಮೊದಲು ಕಾಣುವುದು ತೂಕದಲ್ಲಿ. ಒಂದು ಕಿಲೋಗ್ರಾಂ ಸೀಸ-ಆಮ್ಲ ಬ್ಯಾಟರಿ ಸುಮಾರು 30ರಿಂದ 40 ವಾಟ್-ಅವರ್ ಶಕ್ತಿಯನ್ನು ಹಿಡಿದಿಟ್ಟರೆ, ಫಾಸ್ಫೇಟ್ ಲಿಥಿಯಂ ಬ್ಯಾಟರಿ ಸುಮಾರು 100 ವಾಟ್-ಅವರ್ ಹಿಡಿದಿಡಬಲ್ಲದು. 35 ಆಂಪಿಯರ್-ಅವರ್ ಸಾಮರ್ಥ್ಯದ ಸೀಸದ ಜೋಡಿ ಇಪ್ಪತ್ತು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಅಷ್ಟೇ ಶಕ್ತಿಯ ಲಿಥಿಯಂ ಪೆಟ್ಟಿಗೆ ಎಂಟು-ಒಂಬತ್ತು ಕಿಲೋಗ್ರಾಂಗಳಲ್ಲಿ ಮುಗಿಯುತ್ತದೆ. ಹೊಸ್ತಿಲು, ಮೆಟ್ಟಿಲು, ಬಸ್ಸಿನ ಏಣಿಗಳನ್ನು ದಾಟಿಸಲು ಕುರ್ಚಿಯನ್ನು ಎತ್ತಬೇಕಾದವರಿಗೆ ಈ ಅಂತರದ ಬೆಲೆ ಚೆನ್ನಾಗಿ ತಿಳಿದಿದೆ.

ಎರಡನೆಯದು ಬಾಳಿಕೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡುತ್ತ ಹೋದರೆ ಸುಮಾರು 300ರಿಂದ 500 ಸಲ ಚಾರ್ಜ್ ಮಾಡುವಷ್ಟರಲ್ಲಿ ಅದರ ಕಸುವು ಕುಂದುತ್ತದೆ. ಫಾಸ್ಫೇಟ್ ಲಿಥಿಯಂ 2,000 ಸಲ ಅಥವಾ ಅದಕ್ಕೂ ಮಿಗಿಲಾಗಿ ತಾಳುತ್ತದೆ. ಸೀಸದ ಬ್ಯಾಟರಿಗೆ ಬಿಸಿಲು ಪರಮ ವೈರಿ. 25 ಡಿಗ್ರಿ ಸೆಲ್ಸಿಯಸ್ ಮೇಲೆ ಉಷ್ಣತೆ ಎಂಟು-ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆಂಬುದು ರೂಢಿಯ ಲೆಕ್ಕ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಂಥ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ರಜೆಯ ದಿನಗಳಲ್ಲಿ ಅರೆಬರೆ ಚಾರ್ಜಿನಲ್ಲಿ ಕುರ್ಚಿಯನ್ನು ಮೂಲೆಗಿಟ್ಟರೂ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಬ್ಯಾಟರಿ ಕೆಡುತ್ತದೆ. ಬಿಸಿಲಿನಿಂದ ಲಿಥಿಯಮ್ಮಿಗೂ ಹಾನಿಯುಂಟಾದರೂ ಅರೆ ಚಾರ್ಜಿನಿಂದ ಅದಕ್ಕೆ ಬಾಧೆಯಿಲ್ಲ. ಸೀಸದ ಜೋಡಿಗೆ ರಾತ್ರಿಯಿಡೀ ಎಂಟು-ಹತ್ತು ಗಂಟೆ ವಿದ್ಯುತ್ ಬೇಕು. ಲಿಥಿಯಮ್ಮಿಗೆ ತಕ್ಕ ಚಾರ್ಜರ್ ಇದ್ದರೆ ಮೂರರಿಂದ ಐದು ಗಂಟೆ ಸಾಕು. ವಿದ್ಯುತ್ ಕಡಿತವಿರುವ ಊರಿಗೆ ಇದು ಸಣ್ಣ ಅನುಕೂಲವಲ್ಲ.

ಇನ್ನು ಬೆಲೆಯ ವಿಚಾರ. ಜಗತ್ತಿನ ಮಾರುಕಟ್ಟೆಯಲ್ಲಿ 2010ರಲ್ಲಿ ಒಂದು ಕಿಲೋವಾಟ್-ಅವರ್ ಲಿಥಿಯಂ ಬ್ಯಾಟರಿಗೆ ಸರಾಸರಿ ಸಾವಿರ ಡಾಲರಿಗೂ ಮಿಗಿಲಾದ ಬೆಲೆಯಿತ್ತು. ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆಯ ಗಣನೆಯಂತೆ 2024ರಲ್ಲಿ ಅದು 115 ಡಾಲರಿಗೆ ಇಳಿದಿತ್ತು. ಆದರೆ ಇದು ಮುಖ್ಯವಾಗಿ ವಾಹನ ತಯಾರಕರು ಸಗಟಾಗಿ ಕೊಳ್ಳುವ ಬೆಲೆ. ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಗಾಲಿಕುರ್ಚಿಯ ಬ್ಯಾಟರಿಗೆ ರಕ್ಷಣಾ ಮಂಡಲ, ಪೆಟ್ಟಿಗೆ, ಪರೀಕ್ಷೆ ಇವುಗಳ ವೆಚ್ಚವೆಲ್ಲ ಸೇರಿ ಬೆಲೆ ಏರುತ್ತದೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ ಪಾಲಿನಲ್ಲಿ ಎಣಿಸುವುದು ಲೇಸು. ಸೀಸದ ಜೋಡಿಗೆ 100 ಪಾಲು, ಲಿಥಿಯಂ ಪೆಟ್ಟಿಗೆಗೆ 250 ಪಾಲು, ಅದರ ಚಾರ್ಜರಿಗೆ 40 ಪಾಲು ಎಂದಿಟ್ಟುಕೊಳ್ಳೋಣ. ದಿನವೂ ಹೊರಗೆ ತಿರುಗುವ ವಿದ್ಯಾರ್ಥಿಯ ಕುರ್ಚಿಯಲ್ಲಿ ಸೀಸ ಒಂದೂವರೆ ವರ್ಷ ಬಾಳಿದರೆ ಆರು ವರ್ಷಕ್ಕೆ ನಾಲ್ಕು ಜೋಡಿ, ಅಂದರೆ 400 ಪಾಲು ಬೇಕು. ಲಿಥಿಯಮ್ಮಿನ ಒಟ್ಟು ವೆಚ್ಚ 290 ಪಾಲು. ಮನೆಯೊಳಗೇ ಮಿತವಾಗಿ ಬಳಸುವ ಹಿರಿಯರ ಕುರ್ಚಿಯಲ್ಲಿ ಸೀಸ ಮೂರು ವರ್ಷ ಬಾಳಿದರೆ 200 ಪಾಲಿಗೇ ಆರು ವರ್ಷ ಕಳೆಯುತ್ತದೆ. ಹಳೆಯ ಸೀಸವನ್ನು ಹಿಂದಕ್ಕೆ ಕೊಟ್ಟರೆ ಗುಜರಿಯ ಬೆಲೆಯೂ ಕೈಗೆ ಬರುತ್ತದೆ. ಆದುದರಿಂದ ಅಗ್ಗ ಯಾವುದೆಂಬುದನ್ನು ಅಂಗಡಿಯ ಚೀಟಿಯಲ್ಲ, ಬಳಸುವವರ ದಿನಚರಿ ನಿರ್ಧರಿಸುತ್ತದೆ.

ಹಾಗೆಂದು ಹಳೆಯ ಕುರ್ಚಿಯಿಂದ ಸೀಸವನ್ನು ಕಿತ್ತು ಅದರ ಜಾಗದಲ್ಲಿ ಲಿಥಿಯಮ್ಮನ್ನು ಕೂರಿಸಿದರೆ ಕಾರ್ಯ ಮುಗಿಯಿತೆಂದು ತಿಳಿಯಬಾರದು. ಕೆಳಭಾಗದಲ್ಲಿರುವ ಸೀಸದ ಭಾರವೇ ಅನೇಕ ಕುರ್ಚಿಗಳಿಗೆ ನೆಲೆ. ಅದು ತಗ್ಗಿದರೆ ಇಳಿಜಾರಿನಲ್ಲಿ ಕುರ್ಚಿ ವಾಲುವ ಭಯವುಂಟು. ಸೀಸಕ್ಕೆಂದು ಹೊಂದಿಸಿದ ಸೂಚಕ ದೀಪಗಳು ಲಿಥಿಯಮ್ಮಿನ ಸ್ಥಿತಿಯನ್ನು ಸರಿಯಾಗಿ ತೋರಿಸಲಾರವು. ಏಕೆಂದರೆ ಅದರ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿದ್ದು ಕೊನೆಗೆ ಥಟ್ಟನೆ ಕುಸಿಯುತ್ತದೆ. ಆಗ ರಕ್ಷಣಾ ಮಂಡಲ ಶಕ್ತಿಯನ್ನು ಕಡಿದುಹಾಕುತ್ತದೆ. ಶಕ್ತಿ ತಪ್ಪಿದೊಡನೆ ಬ್ರೇಕು ಬಿಗಿದು ಕುರ್ಚಿ ನಡುರಸ್ತೆಯಲ್ಲೇ ನಿಲ್ಲಬಹುದು. ಪೂರ್ಣ ಚಾರ್ಜ್ ಆದ ಬ್ಯಾಟರಿಯೊಡನೆ ಇಳಿಜಾರಿನಲ್ಲಿ ಹೋಗುವಾಗ ಮೋಟಾರು ಹಿಂದಕ್ಕೆ ಕಳುಹಿಸುವ ವಿದ್ಯುತ್ತಿನಿಂದಲೂ ಹೀಗಾಗುವುದುಂಟು. ಸೀಸದ ಚಾರ್ಜರನ್ನು ಲಿಥಿಯಮ್ಮಿಗೆ ಬಳಸಕೂಡದು. ತಯಾರಕರ ಲಿಖಿತ ಒಪ್ಪಿಗೆಯಿಲ್ಲದೆ ಬ್ಯಾಟರಿಯ ಬಗೆಯನ್ನು ಬದಲಿಸಿದರೆ ಖಾತರಿಯನ್ನೂ ಕಳೆದುಕೊಳ್ಳಬೇಕಾದೀತು. ವಿಮಾನ ಪ್ರಯಾಣಕ್ಕೂ ಪ್ರತ್ಯೇಕ ನಿಯಮಗಳಿರುವುದರಿಂದ ಬ್ಯಾಟರಿಯ ವಿವರವನ್ನು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಬೇಕು.

ಲಿಥಿಯಮ್ಮಿಗೆಂದೇ ರೂಪಿಸಿದ ಸಾಧನಗಳಲ್ಲಿ ಈ ತೊಡಕುಗಳು ಬಹಳಮಟ್ಟಿಗೆ ತಪ್ಪುತ್ತವೆ. ಮದರಾಸಿನ ಐಐಟಿಯ ತಜ್ಞರು ಮತ್ತು ಅಲ್ಲಿ ಹುಟ್ಟಿದ ನಿಯೋಮೋಷನ್ ಸಂಸ್ಥೆ ರೂಪಿಸಿದ ನಿಯೋಬೋಲ್ಟ್ ಇದಕ್ಕೊಂದು ನಿದರ್ಶನ. ಕೈಯಿಂದ ನಡೆಸುವ ನಿಯೋಫ್ಲೈ ಕುರ್ಚಿಯ ಮುಂಭಾಗಕ್ಕೆ ಈ ಮೋಟಾರು ಗಾಲಿಯನ್ನು ಜೋಡಿಸಿದರೆ ಒಂದು ಚಾರ್ಜಿನಲ್ಲಿ 25 ಕಿಲೋಮೀಟರುಗಳವರೆಗೆ ಸಾಗಬಹುದು. 2021ರಲ್ಲಿ ಕುರ್ಚಿಗೆ 39,900 ರೂಪಾಯಿ, ಮೋಟಾರು ಭಾಗಕ್ಕೆ 55,000 ರೂಪಾಯಿ ಬೆಲೆ ಪ್ರಕಟವಾಗಿತ್ತು. ಆದರೆ ಇದು ಕೈಗಳಲ್ಲಿ ಬಲವಿರುವವರಿಗೆ ಮಾತ್ರ ಒಪ್ಪುತ್ತದೆ. ಕೈಗಳೂ ಸೋತವರಿಗೆ ಬೆರಳ ತುದಿಯಿಂದ ನಡೆಸುವ ಪೂರ್ಣ ವಿದ್ಯುತ್ ಕುರ್ಚಿಯೇ ಬೇಕು.

ದಿನವೂ ದೂರ ಹೋಗಬೇಕಾದ ವಿದ್ಯಾರ್ಥಿಗೆ, ಉದ್ಯೋಗಿಗೆ ಲಿಥಿಯಮ್ಮಿಗೆಂದೇ ನಿರ್ಮಿಸಿದ ಹೊಸ ಕುರ್ಚಿ. ಸುಸ್ಥಿತಿಯಲ್ಲಿರುವ ಹಳೆಯ ಕುರ್ಚಿಗೆ, ಮನೆಯ ಮಿತಬಳಕೆಗೆ ಸೀಸ — ಇದು ಈ ವಿಚಾರದ ಸಾರ. ದಾನಿಗಳು ಇದಕ್ಕಿಂತ ಮುಂದಿನ ಒಂದು ಹೆಜ್ಜೆಯನ್ನೂ ಇಡಬಹುದು. ನಾಲ್ಕು ಕುರ್ಚಿ ಕೊಡುವ ಶಕ್ತಿಯಿದ್ದಾಗ ಮೂರನ್ನೇ ಕೊಟ್ಟು, ಉಳಿದ ಹಣವನ್ನು ಬ್ಯಾಟರಿ ನಿಧಿಯೆಂದು ಕಾದಿರಿಸಿ, ವರ್ಷಕ್ಕೊಮ್ಮೆ ಆ ಮನೆಗಳ ಬಾಗಿಲಿಗೆ ಹೋಗಿ ವಿಚಾರಿಸಿದರೆ ಆ ಮೂರೂ ಕುರ್ಚಿಗಳು ಬಹುಕಾಲ ಓಡಾಡುತ್ತವೆ. ನಿಂತುಹೋದ ನಾಲ್ಕು ಕುರ್ಚಿಗಳಿಗಿಂತ ಚಲಿಸುವ ಮೂರು ಕುರ್ಚಿಗಳು ಮೇಲಲ್ಲವೇ?